ಕ್ಯಾಸೆಟ್ ತಿರುಗಿಸುವ ಹೊತ್ತು

ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನಲ್ಲಿ ಗಡಿಯಾರ ಇದ್ದದ್ದು ಬರೀ ಅಲಂಕಾರಕ್ಕೆ. ನಮ್ಮತ್ತೆಯ ಅಡಿಗೆ ನಡೆಯುತ್ತಿದ್ದದ್ದು ಹಾಡಿನ ಲೆಕ್ಕದಲ್ಲಿ. ಮೊದಲನೆಯ ದೇವರನಾಮಕ್ಕೆ ಹಾಲು ಉಕ್ಕಬೇಕು, ಮೂರನೆಯದು ಮುಗಿಯುವಷ್ಟರಲ್ಲಿ ಬೇಳೆ ಬೆಂದಿರಬೇಕು, ನಾದಸ್ವರ ಶುರುವಾಯಿತೆಂದರೆ ಹುಳಿಗೆ ಒಗ್ಗರಣೆ. ಮೈಸೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಬರಬರುತ್ತ ನನ್ನ ಕೈಯೂ ಹಾಡು ಕೇಳಿಯೇ ಸಾಸಿವೆ ಡಬ್ಬಿಗೆ ಹೋಗತೊಡಗಿತು.

ಆ ಹಾಡುಗಳ ಸಾಲನ್ನು ಜೋಡಿಸಿದವರು ಮಾವನವರು. ರಿಟೈರ್ ಆದ ಮೇಲೆ ಮನೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಹುಚ್ಚು ಹತ್ತಿತ್ತು. ಒಂದು ವೈರು ಸಿಕ್ಕಿಸಿದರೆ ಸಾಕೆಂದು ನನ್ನ ಗಂಡ ಹೇಳಿ ಹೇಳಿ ಸೋತರು. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ! ಮಾವನವರು ಟೇಪ್ ರೆಕಾರ್ಡರಿನ ಮುಂದೆ ಮೈಕ್ ನಿಲ್ಲಿಸಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಕೂರುತ್ತಿದ್ದರು. ಕುಕ್ಕರಿನ ಸೀಟಿ, ಬೀದಿಯಲ್ಲಿ ಸೊಪ್ಪಿನವಳ ‘ಕೀರೇ’ ಎಂಬ ಕೂಗು, ಎಲ್ಲವೂ ಹಾಡಿನೊಳಗೆ ಸೇರಿಕೊಂಡವು. ಹಾಡುಗಳಿಗೆ ಹೆಸರು ಕೊಡುವ ಗೋಜಿಗೆ ಹೋಗಲಿಲ್ಲ, ಕಂಪ್ಯೂಟರ್ ಕೊಟ್ಟ ನಂಬರೇ ಹೆಸರು. ಹೆಂಡತಿ ಅಡಿಗೆ ಮಾಡುವ ಕ್ರಮ ನೋಡಿಕೊಂಡು, ಕಂಪ್ಯೂಟರಿನ ಪ್ಲೇಯರಿನೊಳಗೆ ಒಂದೇ ಒಂದು ಪ್ಲೇಲಿಸ್ಟ್ ಮಾಡಿಟ್ಟರು. ಸ್ವಲ್ಪ ಕಾಲಕ್ಕೇ ತೀರಿಕೊಂಡರು.

ಮುಂದಿನ ಬೇಸಿಗೆಯಲ್ಲಿ ನನ್ನ ಗಂಡನಿಗೆ ಆ ಪ್ಲೇಯರ್ ನಿಧಾನವೆನಿಸಿತು. ಅದನ್ನು ಅಳಿಸಿ ಬೇರೆಯದನ್ನು ಹಾಕಿದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ, ಭಾನುವಾರವೆಲ್ಲ ಅದರ ಬಣ್ಣ ಬದಲಿಸುವುದರಲ್ಲೇ ಕಳೆದರು. ಸೋಮವಾರ ಅತ್ತೆ ಒಲೆಯ ಮೇಲೆ ಹಾಲಿಟ್ಟರೆ ಮಂಗಳಾರತಿಯ ಹಾಡು ಬಂತು. ಹಾಡುಗಳು ಇದ್ದವು, ಮಾವನವರ ಸಾಲು ಹಳೆಯ ಪ್ಲೇಯರಿನ ಜೊತೆಗೇ ಹೋಗಿತ್ತು. ಅತ್ತೆ ಜಗಳವಾಡಲಿಲ್ಲ, ಆಫ್ ಮಾಡಿಬಿಡು ಅಂದರು ಅಷ್ಟೆ. ಆಮೇಲೆ ಅಡಿಗೆಮನೆಯಲ್ಲಿ ಬರೀ ಪಾತ್ರೆಗಳ ಸದ್ದು. ಹುಳಿಗೆ ಒಂದು ದಿನ ಎರಡು ಸಲ ಉಪ್ಪು ಬಿತ್ತು, ಇನ್ನೊಂದು ದಿನ ಬೀಳಲೇ ಇಲ್ಲ. ಮಾವನವರು ಹೋದಾಗ ಗಟ್ಟಿಯಾಗಿದ್ದವರು ಈಗ ಮಂಕಾದರು. ಗಂಡನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಆ ಸಾಲನ್ನು ಮತ್ತೆ ಕಟ್ಟಲೇಬೇಕೆಂದು ಒಂದು ರಜೆಯ ದಿನ ಕಂಪ್ಯೂಟರಿನ ಮುಂದೆ ಕೂತೆ. ಯಾವುದರ ನಂತರ ಯಾವುದು ಎಂದು ಕೇಳಿದರೆ ಅತ್ತೆಗೆ ನೆನಪಾಗಲಿಲ್ಲ. ಹಾಗಾದರೆ ಸುಮ್ಮನೆ ಅಡಿಗೆ ಮಾಡಿ ಎಂದೆ. ಅವರು ಒಲೆ ಹಚ್ಚಿದರು, ನಾನು ಒಂದೊಂದೇ ಹಾಡಿನ ಮೊದಲ ಸಾಲು ಕೇಳಿಸುತ್ತ ಹೋದೆ. ಕೈ ಆಡಿದಂತೆ ಬಾಯಿ ಆಡಿತು. ಇದು ಹಾಲಿಗೆ, ಅದು ಬೇಳೆಗೆ, ಅದು ಈಗ ಬೇಡ, ಹುಣಸೆಹಣ್ಣು ಕಿವುಚುವಾಗ. ಒಗ್ಗರಣೆ ಸಿಡಿಯುವ ಹೊತ್ತಿಗೆ ಸಾಲು ಪೂರ್ತಿಯಾಯಿತೆಂದು ನಾನು ಬೀಗಿದೆ. ಅತ್ತೆ ಮಾತ್ರ ಸೌಟು ಹಿಡಿದು ನಿಂತೇ ಇದ್ದರು.

“ನಾದಸ್ವರ ಆಯ್ತು. ಅಪ್ಪುರಂ ಅವರು ಬರ್ತಾರಲ್ಲಮ್ಮಾ, ಅದೆಲ್ಲಿ?”

ಅಪ್ಪುರಂ ಎಂದರೆ ತಮಿಳಿನಲ್ಲಿ ಆಮೇಲೆ; ಅವರು ಎಂದರೆ ಮಾವನವರೇ, ಅತ್ತೆ ಎಂದೂ ಗಂಡನ ಹೆಸರು ಹೇಳಿದವರಲ್ಲ. ಆಗ ನನಗೂ ಹೊಳೆಯಿತು. ಕ್ಯಾಸೆಟ್ಟಿನ ಒಂದು ಬದಿ ಮುಗಿದಾಗ ಮಾವನವರು ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದ ಒಂದು ಚೂರು ಆ ಜಾಗದಲ್ಲಿತ್ತು. ದಿನಾ ಕೇಳಿ ಕೇಳಿ ಅದು ನನ್ನ ಕಿವಿಗೆ ಬೀಳುವುದೇ ನಿಂತಿತ್ತು.

ಹುಡುಕಿದರೆ ಎಲ್ಲೂ ಇಲ್ಲ. ಕೊನೆಗೆ ಸೆಟ್ಟಿಂಗಿನಲ್ಲಿ ನೋಡಿದರೆ, ತೀರಾ ಚಿಕ್ಕ ಫೈಲುಗಳನ್ನು ಸೇರಿಸಿಕೊಳ್ಳಬೇಡ ಎಂಬಲ್ಲಿ ಹೊಸ ಪ್ಲೇಯರ್ ತಾನಾಗಿಯೇ ಟಿಕ್ ಹಾಕಿಕೊಂಡಿತ್ತು. ತೆಗೆದೆ. ಪಟ್ಟಿಯ ಕೊನೆಗೆ ಒಂದು ನಂಬರ್ ಬಂದು ಕೂತಿತು. ಅದನ್ನು ನಾದಸ್ವರದ ನಂತರಕ್ಕೆ, ಮಂಗಳಾರತಿಗೆ ಮೊದಲು ಸೇರಿಸಿ ಒತ್ತಿದೆ.

ಮೊದಲು ಟೇಪಿನ ಗುಂಡಿ ಟಕ್ಕೆಂದಿತು. ದೂರದಿಂದ ಅತ್ತೆಯದೇ ದನಿ, ಹಾಡು ನಿಂತುಹೋಯ್ತಲ್ಲ ರೀ ಎಂದು. ಆಮೇಲೆ ಮೈಕಿಗೆ ತೀರಾ ಹತ್ತಿರದಲ್ಲಿ ಮಾವನವರು:

“ಇರು ಇರು, ತಿರುಗಿಸ್ತಿದೀನಿ.”

ಕುರ್ಚಿ ಕಿರುಗುಟ್ಟಿತು, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಹುಳಿಯ ಉರಿ ಸಣ್ಣ ಮಾಡಿ, ಕಂಪ್ಯೂಟರಿನ ಕಡೆಗೆ ಕತ್ತು ಚಾಚಿ ಹೇಳಿದರು:

“ಮೆಲ್ಲಗೆ ತಿರುಗಿಸಿ, ನಂಗೇನೂ ಅವಸರ ಇಲ್ಲ.”

ಮುಂದಿನ ಹಾಡು ಶುರುವಾಗುವವರೆಗೂ ಅವರು ಉರಿ ದೊಡ್ಡದು ಮಾಡಲಿಲ್ಲ.