ಕುಡುಗೋಲು ಮಸೆದ ಬಂಡೆ

ಯಜಮಾನರೇ, ನನ್ನ ಮೊಮ್ಮಗಳು ಪವಿತ್ರ ಗೈಡ್ ಆದಳು! ಇವತ್ತು ಬಸ್ಸು ತುಂಬ ಜನರನ್ನು ಕರೆತಂದು ನಮ್ಮ ಜಟಂಗಿ ರಾಮೇಶ್ವರ ಬೆಟ್ಟ ತೋರಿಸಿದಳು. ಈ ಸಂತೋಷ ಮೊದಲು ನಿಮಗೇ ಹೇಳಬೇಕು. ಯಾಕೆಂದರೆ — ಅದೇ ಬೆಟ್ಟದಲ್ಲಿ ನಾನು ನಿಮಗೆ ಮೋಸ ಮಾಡಿದೆ. ಅವತ್ತು ನಾನು ತೋರಿಸಿದ್ದು ಅಶೋಕ ಬರೆಸಿದ ಅಕ್ಷರವಲ್ಲ. ನನ್ನ ಕುಡುಗೋಲು ಮಸೆದು ಬಿದ್ದ ಗೆರೆ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಈಗ ಇದ್ದೀರೋ ಇಲ್ಲವೋ — ಅದೂ ಗೊತ್ತಿಲ್ಲ. ನಾನು ಆಗ ಮೀಸೆ ಚಿಗುರಿದ ಕುರಿಗಾಹಿ. ನೀವು ಕೋಲೂರಿಕೊಂಡು ಒಬ್ಬರೇ ಬಂದು, "ಅಶೋಕನ ಅಕ್ಷರದ ಗುಂಡು ತೋರಿಸ್ತೀಯೇನಪ್ಪ?" ಎಂದಿರಿ. ಅರ್ಧ ಮೆಟ್ಟಿಲಿಗೇ ನಿಮಗೆ ಏದುಸಿರು. ಅಕ್ಷರ ಇರುವುದು ತುದಿಯಲ್ಲಿ, ಗುಡಿಯ ಬಳಿ ಬಳೆಗಾರರ ಗುಂಡು ಎನ್ನುವ ದೊಡ್ಡ ಬಂಡೆಯ ಮೇಲೆ. ನಿಮ್ಮನ್ನು ಅಲ್ಲಿವರೆಗೆ ಹತ್ತಿಸಲು ನನಗೆ ಬೇಸರವಾಯಿತು. ಪಕ್ಕದ ಬಂಡೆಯತ್ತ ಕೋಲು ತೋರಿಸಿ, "ಇದೇ ನೋಡ್ರಿ ಸ್ವಾಮಿ. ಗಾಳಿ ಮಳೆಗೆ ಸವದೈತೆ" ಎಂದುಬಿಟ್ಟೆ.

ನೀವು ಚಪ್ಪಲಿ ಬಿಟ್ಟಿರಿ. ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದಿರಿ, ಮಲಗಿದ ಕೂಸನ್ನು ಮುಟ್ಟಿದಂತೆ. "ಇದನ್ನ ನೋಡದೇ ಸಾಯ್ತೀನೇನೋ ಅಂದ್ಕೊಂಡಿದ್ದೆ. ನಿನ್ನಿಂದ ನೋಡಿದೆ ಕಣಪ್ಪ." ಆಮೇಲೆ ಬುತ್ತಿ ಬಿಚ್ಚಿ ಚಪಾತಿಯಲ್ಲಿ ಅರ್ಧ ನನಗೆ ಕೊಟ್ಟಿರಿ. ನಾನು — ತಿಂದೆ.

ಕೆಳಗೆ ಕುರಿ ಶೇಂಗಾ ಹೊಲಕ್ಕೆ ನುಗ್ಗುತ್ತಿದ್ದವು, ಅದಕ್ಕೇ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಅದೂ ಸುಳ್ಳು. ಕುರಿ ನೆರಳಲ್ಲಿ ಮಲಗಿದ್ದವು.

ಇವತ್ತು ನಮ್ಮ ಹುಡುಗಿಯನ್ನು ನೀವು ನೋಡಬೇಕಿತ್ತು! ಚಳ್ಳಕೆರೆಯಲ್ಲಿ ಬಸ್ಸು ಹತ್ತಿದಾಗ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೈಕಿನಲ್ಲೇ, "ಇವ್ರು ನಮ್ ತಾತ. ನನಗಿಂತ ಮೊದ್ಲು ಈ ಬೆಟ್ಟ ಕಾದೋರು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಳಕು ದಾಟಿದ ಮೇಲೆ ಹುಲ್ಲುಗಾವಲು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗದ ಸದ್ದು, ಆಮೇಲೆ ಒಂದರ ಮೇಲೊಂದು ಯಾರೋ ಪೇರಿಸಿಟ್ಟಂಥ ಗುಂಡುಗಳು — ಹುಟ್ಟಿದಾಗಿನಿಂದ ನೋಡಿದ ಸೀಮೆ, ಅವಳ ಬಾಯಲ್ಲಿ ಕೇಳುತ್ತ ಹೊಸದಾಗಿ ಕಂಡಿತು. ರಾಯದುರ್ಗದ ಕಡೆಯವರಿಗೆ ತೆಲುಗಿನಲ್ಲೂ ಹೇಳುತ್ತಾಳೆ! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಅರ್ಧ ಮೆಟ್ಟಿಲಿಗೆ ಒಬ್ಬ ಅಜ್ಜಿ ಕುಸಿದು ಕೂತರು. ಕೂತದ್ದು — ಅದೇ ಬಂಡೆಯ ಮೇಲೆ. "ನೀವು ಹೋಗ್ಬರ್ರಮ್ಮ. ನನಗೆ ಇಲ್ಲಿ ಗೀಚಿರೋದೇ ಅಶೋಕನ ಅಕ್ಷರ" ಎಂದು ನಕ್ಕರು.

ಪವಿತ್ರ ಬಗ್ಗಿ ನೋಡಿ, "ಅಯ್ಯೋ ಅಜ್ಜಿ, ಇದು ಕುಡುಗೋಲು ಮಸೆದಿರೋದು. ನಮ್ ತಾತನೇ ಮಸೆದಿರ್ಬೇಕು!" ಎಂದಳು.

ಎಲ್ಲರೂ ನಕ್ಕರು.

"ತಾತ, ನಿನ್ ಕಂಬಳಿ ಕೊಡಿಲ್ಲಿ. ಇಷ್ಟು ದೂರ ಬಂದೋರನ್ನ ಅರ್ಧದಾಗ ಬಿಟ್ಟು ಹೋಗಾಕಾಗುತ್ತೇನು?"

ಅವಳಿಗೆ ಅದು ಯೋಚನೆ ಮಾಡುವ ವಿಷಯವೇ ಆಗಿರಲಿಲ್ಲ. ಕಂಬಳಿಯಲ್ಲಿ ಅಜ್ಜಿಯನ್ನು ಕೂರಿಸಿ ನಾಲ್ಕು ಮೂಲೆ ನಾಲ್ವರು ಹಿಡಿದೆವು. ಒಂದು ಮೂಲೆ ನನ್ನದು. "ಬಿಡು ತಾತ, ಬ್ಯಾರೆಯೋರು ಹಿಡೀತಾರೆ" ಎಂದಳು. ನಾನು ಬಿಡಲಿಲ್ಲ. ಮೇಲೆ ಹೋದ ಮೇಲೆ ಸವೆದ ಅಕ್ಷರದ ಮುಂದೆ ನಿಂತು, ಹೆತ್ತವರ ಮಾತು ಕೇಳಿ, ಜೀವಗಳ ಮೇಲೆ ದಯೆ ಇಡಿ, ನಿಜ ಹೇಳಿ ಅಂತ ಅಶೋಕ ಬರೆಸಿದ್ದಾನೆ ಎಂದು ವಿವರಿಸಿದಳು. ಆ ಗುಂಡಿನ ನೆರಳಲ್ಲೇ ಬೆಳೆದ ನನಗೆ ಅದರಲ್ಲಿ ಏನಿದೆ ಎಂದು ಗೊತ್ತಾದದ್ದು ಇವತ್ತು.

ಸಂಜೆ ಮನೆಯಲ್ಲಿ ಹೋಳಿಗೆ. ಮಗ, ಸೊಸೆ, ನನ್ನ ಹೆಂಡತಿ ಮಾರಕ್ಕ, ಪವಿತ್ರ — ಎಲ್ಲರೂ ಸಾಲಾಗಿ ಕೂತಿದ್ದೆವು. ತುತ್ತು ಎತ್ತುವ ಮುಂಚೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ನಿಮ್ಮ ಚಪಾತಿಯನ್ನೂ ಬಿಡಲಿಲ್ಲ.

"ಥೂ ನಿನ್ನ, ಅವ್ರ ಬುತ್ತಿ ಬ್ಯಾರೆ ತಿಂದ್ಯಾ?" ಎಂದಳು ಮಾರಕ್ಕ. ಯಾರೂ ನಗಲಿಲ್ಲ.

ಪವಿತ್ರ ನನ್ನ ಕಡೆ ತಿರುಗಿದಳು. "ಅವ್ರು ಯಾವೂರೋರು ತಾತ?"

"ಕೇಳ್ಲಿಲ್ಲವ್ವ."

"ಬರೋ ಭಾನುವಾರ ಇನ್ನೊಂದು ಬಸ್ಸು ಬರ್ತೈತೆ. ಆ ಬಂಡೆ ಹತ್ರ ನಿಂತು ನೀನೇ ಹೇಳ್ಬೇಕು. ಎಲ್ಲಾರ ಮುಂದೆ."

ಬೆಳಿಗ್ಗೆ ನನಗೆ ಚಪ್ಪಾಳೆ ತಟ್ಟಿದರಲ್ಲ, ಅಂಥದೇ ಜನರ ಮುಂದೆ. "ಹೇಳ್ತೀನಿ" ಎಂದೆ.

ಅವಳು ತನ್ನ ಹೋಳಿಗೆ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದಳು. "ಉಣ್ಣು ತಾತ." ನನಗೆ ಬೇಗ ನುಂಗಲಾಗಲಿಲ್ಲ, ಯಜಮಾನರೇ. ನನ್ನ ತುತ್ತು ಇಳಿಯುವವರೆಗೂ ಎಲ್ಲರೂ ಕಾದರು. ಆಮೇಲೆ ಒಟ್ಟಿಗೇ ಉಂಡೆವು.