ಟವೆಲ್ ಕೆಳಗಿನ ದರ

ಕಲ್ಯಾಣದುರ್ಗದಿಂದ ಬಂದು ಹಿಂದೂಪುರದ ಹುಣಸೆ ಮಂಡಿಯಲ್ಲಿ ದಲ್ಲಾಳಿಯಾದ ನಮ್ಮ ತಿಪ್ಪೇರುದ್ರಪ್ಪ ಬಾಯಿಗಿಂತ ಬೆರಳಲ್ಲೇ ಹೆಚ್ಚು ಮಾತಾಡಿದವನು. ಕೈಮೇಲೆ ಟವೆಲ್ ಹಾಸಿ, ಅದರಡಿ ಮಾಲು ಕೊಳ್ಳಲು ಬಂದ ಒಬ್ಬೊಬ್ಬ ಸಾಹುಕಾರನ ಕೈ ಹಿಡಿಯುವನು. ಅವರು ಬೆರಳು ಒತ್ತಿ ದರ ಹೇಳುವರು; ಹೆಚ್ಚು ಹೇಳಿದವನಿಗೆ ಮಾಲು. ಒಬ್ಬರದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ಅದೇ ಆ ಕೆಲಸದ ಮರ್ಯಾದೆ. ಹೆಂಡತಿ ಹಂಪಮ್ಮನಿಗೂ ಹೇಳಿದವನಲ್ಲ. ಪಾಪ, ಅವಳು ಮಾಡುವ ಹುಣಸೆ ತೊಕ್ಕಿನ ರುಚಿ ಈಗಲೂ ನಾಲಿಗೆಯಲ್ಲಿದೆ, ಅದಿರಲಿ. ಆ ಟವೆಲಿನಿಂದ ಅವನು ಬೆವರು ಕೂಡ ಒರೆಸುತ್ತಿರಲಿಲ್ಲ.

ಈಚೆಗೆ ಮೂವರು ಸಾಹುಕಾರರ ಬೆರಳೂ ಒಂದೇ ದರ ಒತ್ತತೊಡಗಿದ್ದವು. ಅದು ಗೊತ್ತಿದ್ದದ್ದು ಅವನೊಬ್ಬನಿಗೇ. ದರ ಏಳದ್ದು ಕಂಡು ಅನುಮಾನ ಬಂದು, ಮಂಡಿಗೆ ಹುಣಸೆ ತಂದು ಮಾರುವ ಬೆಳುಗುಪ್ಪದ ಕದಿರಮ್ಮ ವಿಧಾನಸಭೆಗೆ ಅರ್ಜಿ ಹಾಕಿದಳು. ಇಲಾಖೆಯವರು ಬಂದು ಕೇಳಿದಾಗ ತಿಪ್ಪೇರುದ್ರಪ್ಪ ತುಟಿ ಬಿಚ್ಚಲಿಲ್ಲ. ಆಮೇಲೆ ಶಾಸಕರ ಸಮಿತಿಯಿಂದಲೇ ಸಮನ್ಸ್ ಬಂತು: ನಿಮ್ಮಲ್ಲಿರುವ ದಾಖಲೆಗಳೊಂದಿಗೆ ಹಾಜರಾಗಿ.

"ಹೋಗ್ದಿದ್ರೆ ಏನಾಯ್ತದೆ?" ಎಂದಳು ಹಂಪಮ್ಮ.

"ಹೋಗ್ಲೇಬೇಕಂತೆ ಕಣೆ. ಹೋಗಿ ಹೇಳ್ಬುಟ್ರೆ, ನಾಳೆ ಮಂಡೀಲಿ ನನ್ ಕೈ ಯಾರ್ ಹಿಡೀತಾರೆ?"

ಸಮಿತಿ ಬಂದು ಕೂತಿದ್ದ ಪ್ರವಾಸಿ ಬಂಗಲೆಯಲ್ಲಿ ಅವನಿಂದ ಪ್ರಮಾಣ ಮಾಡಿಸಿದರು. ಅವನು ಮಡಿಸಿ ತಂದ ಟವೆಲನ್ನು ಮೇಜಿನ ಮೇಲಿಟ್ಟ.

"ಏಂದಿದಿ, ಪೆದ್ದಾಯನಾ?" ಎಂದು ಸದಸ್ಯರೊಬ್ಬರು ತೆಲುಗಿನಲ್ಲಿ ಇದೇನೆಂದು ಕೇಳಿ ನಕ್ಕರು.

"ದಾಖಲೆ ತತ್ತಾ ಅಂದ್ರಲ್ಲ ಸ್ವಾಮಿ. ನನ್ತಾವ ಇರೋದು ಇದೇಯ."

ಗಡಿ ಸೀಮೆಯವಳೇ ಆಗಿ ಕನ್ನಡ ಬಲ್ಲ ಸಮಿತಿಯ ಅಧ್ಯಕ್ಷೆ ಭಾರ್ಗವಿ ನಗಲಿಲ್ಲ. "ಮೂರೂ ಜನ ಏನ್ ಒತ್ತಿದ್ರು, ಹೇಳಿ ತಾತ."

ಅವನು ಟವೆಲ್ ಹಾಸಿ, ಅದರಡಿ ಕೈಯಿಟ್ಟು ಮುಂದೆ ಚಾಚಿದ. "ನಿನ್ ಕೈ ಕೊಡು ತಾಯಿ. ಹೇಳ್ತೀನಿ."

"ಹಂಗಾಗಲ್ಲ. ಎಲ್ರಿಗೂ ಕೇಳಂಗೆ ಹೇಳ್ಬೇಕು, ಬರ್ಕೋಬೇಕು. ಹೇಳ್ದಿದ್ರೆ ವಿಧಾನಸಭೆಗೆ ನಿಮ್ಮೇಲೆ ದೂರು ಹೋಯ್ತದೆ. ಹೇಳಿದ್ರೆ ಅದ್ಕೋಸ್ಕರ ನಿಮ್ಮೇಲೆ ಯಾರೂ ಕೇಸು ಹಾಕಂಗಿಲ್ಲ."

"ಕೇಸು ಹಾಕಲ್ಲ ಸರಿ. ಕೈ ಹಿಡೀತಾರಾ?"

ಭಾರ್ಗವಿ ಬಾಗಿಲ ಕಡೆ ನೋಡಿದಳು.

ತೆರೆದ ಬಾಗಿಲಾಚೆ ಜಗಲಿಯ ಮೇಲೆ ಕದಿರಮ್ಮ ಕೂತಿದ್ದಳು. ಹುಣಸೆ ಬಿಡಿಸಿ ಬಿಡಿಸಿ ಅವಳ ಉಗುರೆಲ್ಲ ಕಪ್ಪಾಗಿದ್ದವು. ಆ ಕೈಗಳನ್ನು ನೋಡುತ್ತ ಅವನು ನಿಧಾನವಾಗಿ ಟವೆಲ್ ಎಳೆದು ತೆಗೆದ. ಬರಿಗೈ ಎತ್ತಿ ಬೆರಳು ಮಡಿಸಿ ತೋರಿಸಿದ, ಮತ್ತೆ ತೋರಿಸಿದ, ಇನ್ನೊಮ್ಮೆ ತೋರಿಸಿದ. "ಮೂರ್ ಕೈದೂ ಒಂದೇ ದರ. ಮಾತಾಡ್ಕೊಂಡೇ ಬತ್ತಿದ್ರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಮುಂದಿನ ಸಂತೆಯ ದಿನ ಅವನು ಎಂದಿನಂತೆ ಟವೆಲ್ ಹಾಸಿ ನಿಂತ. ಸಾಹುಕಾರರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಬಿಸಿಲೇರಿತು. ತಿಪ್ಪೇರುದ್ರಪ್ಪ ಕೈ ಇಳಿಸಿ, ಆ ಟವೆಲಿನಲ್ಲೇ ಮುಖ ಒರೆಸಿಕೊಂಡು ಮನೆಗೆ ನಡೆದ.