ಆಪಾನ ಕಟ್ಟಿಗೆಯ ಸೌಟು

ನಮ್ಮ ಕಣ್ಣಿನ ಆಸ್ಪತ್ರೆಗೆ ಹೊಸ ಸ್ವಯಂಸೇವಕರು ಬರುವವರಿದ್ದರು. ಅವರಿಗೆ ಶಿಬಿರದ ಸಾಮಾನು ತೋರಿಸೋಣವೆಂದು ಬೆಳಿಗ್ಗೆಯೇ ಹಿಂದಿನ ಕೋಣೆಯ ಕಬ್ಬಿಣದ ಬೀರು ತೆರೆದೆ. ಟಾರ್ಚು, ಬ್ಯಾನರು, ಮಡಚಿಟ್ಟ ಹಳೆಯ ಟವೆಲುಗಳು… ಅವುಗಳ ನಡುವೆ ಒಂದು ಕಟ್ಟಿಗೆಯ ಸೌಟು ಕೈಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಇನ್ನೂ ಲವಂಗದ ವಾಸನೆ. ನಾನು ಅಲ್ಲೇ ಒಂದು ರಟ್ಟಿನ ಡಬ್ಬದ ಮೇಲೆ ಕುಳಿತುಬಿಟ್ಟೆ.

ಆ ಸೌಟು ಎಂದೂ ಅಡುಗೆಮನೆ ಕಂಡದ್ದಲ್ಲ. ಅದು ಕಣ್ಣು ಮುಚ್ಚುವ ಸೌಟು. ಕಣ್ಣಿನ ಪರೀಕ್ಷೆಯಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಿಂದ ಎದುರಿನ ಗುರುತುಗಳ ಪಟ ನೋಡಬೇಕು. ಅಂಗೈಯಿಂದ ಮುಚ್ಚಿಕೊಳ್ಳಿ ಎಂದರೆ ಜನ ಬೆರಳ ಸಂದಿಯಿಂದ ಕದ್ದು ನೋಡುತ್ತಾರೆ, ಇಲ್ಲವೇ ಗುಡ್ಡೆಯನ್ನು ಒತ್ತಿಕೊಂಡು ಆಮೇಲೆ ಎಲ್ಲವೂ ಮಂಜು ಮಂಜು ಎನ್ನುತ್ತಾರೆ. ಅದಕ್ಕೇ ಆಪಾ ಈ ಸೌಟು ಕೊಂಡು, ಕಿನ್ನಾಳದ ಚಿತ್ರಗಾರರೊಬ್ಬರಿಂದ ಅದರ ಬೆನ್ನಿಗೆ ಹಸಿರು ಗಿಳಿ ಬರೆಸಿದ್ದರು. ಗಿಳಿ ನೋಡಿ ಮುದುಕರೂ ನಕ್ಕು ಹತ್ತಿರ ಬರುತ್ತಿದ್ದರು. ಆಪಾನ ಬಾಯಲ್ಲಿ ಸದಾ ಒಂದು ಲವಂಗ ಇರಬೇಕು. ಲವಂಗದ ಡಬ್ಬಿಯೂ ಸೌಟೂ ಒಂದೇ ಚೀಲದಲ್ಲಿ ಇರುತ್ತಿದ್ದವು.

ಆಪಾ ಅಂದರೆ ಅಕ್ಕ. ಗಂಗಾವತಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸುವ ಒಂದು ಚಿಕ್ಕ ಟ್ರಸ್ಟ್ ಇತ್ತು. ಅಲ್ಲಿಗೆ ಬರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವವರು ಆಕೆ. ಅರವತ್ತರ ಆಚೆ ಈಚೆ ವಯಸ್ಸು, ತಲೆ ತುಂಬ ಸೆರಗು, ಬಿಸಿಲಿರಲಿ ನೆರಳಿರಲಿ ಮೂಗಿನ ಮೇಲೊಂದು ಕಂದು ಗಾಜಿನ ಕನ್ನಡಕ. ಹಿಂದೂ ಮುಸ್ಲಿಂ ಎನ್ನದೆ ಊರಿಗೆ ಊರೇ ಆಕೆಯನ್ನು ಆಪಾ ಎಂದೇ ಕರೆಯುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಸೇವೆ ಮಾಡುವ ಹಂಬಲದಿಂದಲ್ಲ, ಹೇಳಿಬಿಡುತ್ತೇನೆ. ಡಿಗ್ರಿ ಮುಗಿದಿತ್ತು. ಕೊಪ್ಪಳದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡಿ, ಧೈರ್ಯ ಹೇಳಿ, ಆಪರೇಷನ್ನಿಗೆ ಒಪ್ಪಿಸುವ ಸಲಹೆಗಾರ್ತಿಯ ಕೆಲಸ ಖಾಲಿ ಇತ್ತು. ಮಾತಾಡಿದ್ದಕ್ಕೆ ಸಂಬಳ ಕೊಡುತ್ತಾರೆಂದರೆ ನನಗಿಂತ ಯೋಗ್ಯಳು ಯಾರು ಎಂದುಕೊಂಡು ಅರ್ಜಿ ಹಾಕಿದೆ. ಹಿರಿಯ ಡಾಕ್ಟರು ಮರ್ಯಾದೆಯಿಂದಲೇ ಕೇಳಿದರು, "ಅನುಭವ ಐತೇನಮ್ಮಾ?" ಇಲ್ಲರಿ ಎಂದೆ. "ಮಾಡ್ಕೊಂಡು ಬಾ" ಎಂದರು. ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಇದನ್ನು ಕೇಳಿ ಉರಿದುಬಿದ್ದರು. "ಕೆಲಸಾ ಕೊಡಲಾರದ ಅನುಭವಾ ಎಲ್ಲಿಂದ ಬರಬೇಕು? ಸಂತ್ಯಾಗ ಮಾರ್ತಾರೇನು ಅದನ್ನ?"

ಸಂತೆಯಲ್ಲಿ ಸಿಗದ್ದು ಆಪಾನ ಗಲ್ಲಿಯಲ್ಲಿ ಸಿಗುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಟ್ರಸ್ಟಿನಲ್ಲಿ ಸಂಬಳವಿಲ್ಲ, ಬಸ್ ಚಾರ್ಜು, ಮಧ್ಯಾಹ್ನದ ಊಟ, ಅಷ್ಟೇ. ಆದರೆ ಆರು ತಿಂಗಳ ಕೊನೆಗೆ ಒಬ್ಬೊಬ್ಬರೂ ಒಂದು ಶಿಬಿರವನ್ನು ತಾವೇ ನಿಂತು ನಡೆಸಬೇಕು. ಆಪಾ ಬರೀ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಒಲ್ಲೆ ಎನ್ನುವವರನ್ನು ಒಪ್ಪಿಸಿ ಕೊಪ್ಪಳದ ಅದೇ ಆಸ್ಪತ್ರೆಯ ವ್ಯಾನ್ ಹತ್ತಿಸಿದೆವೋ, ಆಪಾ ತಾವೇ ಡಾಕ್ಟರ ಮುಂದೆ ನಮ್ಮ ಪರವಾಗಿ ಒಂದು ಮಾತು ಹೇಳುತ್ತಾರೆ. ಆ ಒಂದು ಮಾತಿಗಾಗಿ ನಾನು ದಿನಾ ಬೆಳಿಗ್ಗೆ ಬಸ್ಸಿಗೆ ಓಡುತ್ತಿದ್ದೆ.

ಓಡುತ್ತಿದ್ದೆ ಎನ್ನುವುದು ಬರೀ ಮಾತಲ್ಲ. ಆ ದಿನಗಳಲ್ಲಿ ನನ್ನ ಕಾಲು ನೆಲದ ಮೇಲೆ ನಿಂತದ್ದೇ ನೆನಪಿಲ್ಲ. ಒಂದು ದಿನ ಹುಲಿಹೈದರ, ಇನ್ನೊಂದು ದಿನ ಕುಷ್ಟಗಿ ಕಡೆಯ ಹಳ್ಳಿ. ಹೊಸ ಊರು, ಹೊಸ ಜನ, ವ್ಯಾನಿನಲ್ಲಿ ನಮ್ಮ ಗದ್ದಲ. ಆಪಾ ಮಾತ್ರ ಒಂದು ನಿಮಿಷ ಸುಮ್ಮನೆ ಬಿಡುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಡು ಎನ್ನುವರು. ಬರುವ ಬಸ್ಸಿನ ಬೋರ್ಡು ಓದು ಎನ್ನುವರು. ಮಧ್ಯಾಹ್ನದ ಅಕ್ಕಿಯಲ್ಲಿ ಕಲ್ಲು ಆರಿಸಲು ಕೂಡಿಸುವರು. "ಕೈಯಾಗ ಕೆಲಸಾ ಇರಬೇಕು ಬೇಟಾ, ಕಣ್ಣು ಚುರುಕ್ ಇರ್ತಾವ" ಎಂದು ನಗುವರು. ಕಲಿಯಲು ಬಂದವರಿಗೆ ಇದೆಲ್ಲ ಇರುತ್ತದೆ ಎಂದು ನಾವೂ ಗೊಣಗುತ್ತ ಮಾಡುತ್ತಿದ್ದೆವು.

ಅವರು ನಿಜವಾಗಿ ಕಲಿಸಿದ್ದು ಎರಡೇ ಪ್ರಶ್ನೆ. ಹಳ್ಳಿಯಲ್ಲಿ ಯಾರ ಹತ್ತಿರವೂ ಮೊದಲೇ ಕಣ್ಣಿನ ಮಾತು ತೆಗೆಯಬಾರದು. ಕಣ್ಣು ಹೆಂಗೈತಿ ಎಂದರೆ ಎಲ್ಲರೂ ಛಲೋ ಐತಿ ಎಂದೇ ಹೇಳುತ್ತಾರೆ. "ಏನು ಬಿಟ್ಟೀರಿ ಅಂತ ಕೇಳ್ರಿ" ಎನ್ನುತ್ತಿದ್ದರು ಆಪಾ. ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ? ಕೌದಿ ಹೊಲಿಯುವುದು ಬಿಟ್ಟೆ ಎಂದು ಒಬ್ಬಾಕೆ ಹೇಳುತ್ತಾಳೆ, ಸಂಜೆ ಹೊತ್ತು ಹೊಲಕ್ಕೆ ಹೋಗುವುದು ಬಿಟ್ಟೆ ಎಂದು ಒಬ್ಬ ಹೇಳುತ್ತಾನೆ. ಆಮೇಲೆ, ಬರುತ್ತೀರೋ ಇಲ್ಲವೋ ಎಂದು ಕೇಳಬಾರದು. "ಯಾವಾಗ ಹೋಗೂಣು?" ಅಷ್ಟೇ. ನಾನು ಈ ಎರಡು ಪ್ರಶ್ನೆಗಳನ್ನು ಮನೆಯಲ್ಲಿ ಅಪ್ಪನ ಮೇಲೆಯೇ ಪ್ರಯೋಗ ಮಾಡಿ ಬೈಸಿಕೊಂಡಿದ್ದೆ.

ನನ್ನ ಸರದಿ ಬಂತು. ಕಾಲುವೆಯ ಪಕ್ಕದ ಒಂದು ಕ್ಯಾಂಪ್ ಆರಿಸಿಕೊಂಡೆ. ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದವರು ನೆಲೆಸಿದ ಊರುಗಳನ್ನು ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಅಮಾವಾಸ್ಯೆ ಇಲ್ಲ, ಸಂತೆ ಇಲ್ಲ, ಯಾರ ಮನೆಯಲ್ಲೂ ಮದುವೆ ಇಲ್ಲ, ಎಲ್ಲ ವಿಚಾರಿಸಿ ದಿನ ಗೊತ್ತು ಮಾಡಿದೆ. "ಎಲ್ಲಾ ಕೇಳೀಯೇನು?" ಎಂದರು ಆಪಾ. ಎಲ್ಲಾ ಕೇಳೀನ್ರಿ ಎಂದೆ, ಎದೆ ಉಬ್ಬಿಸಿಕೊಂಡು.

ಹೋಗಿ ನೋಡಿದರೆ ಊರು ಖಾಲಿ. ಸಾಲೆಯ ಅಂಗಳದಲ್ಲಿ ನಾವು ಹಾಸಿದ ಜಮಖಾನೆಯ ಮೇಲೆ ಒಂದು ನಾಯಿ ಮಲಗಿತ್ತು. ಮುನಿರಾಬಾದ್ ಅಣೆಕಟ್ಟಿನಿಂದ ಬಿಟ್ಟ ಕಾಲುವೆ ನೀರು ಸರದಿಯ ಪ್ರಕಾರ ಆ ಊರಿನ ಗದ್ದೆಗಳಿಗೆ ಬಂದಿದ್ದೇ ಹಿಂದಿನ ದಿನ. ನೀರು ಬಂದ ಮೇಲೆ ನಾಟಿ ಬಿಟ್ಟು ಯಾರು ಕಣ್ಣು ತೋರಿಸಲು ಬರುತ್ತಾರೆ? ಭತ್ತದ ಸೀಮೆಯಲ್ಲಿ ಹುಟ್ಟಿ, ಗಿರಣಿಯ ಅಕ್ಕಿ ಉಂಡು ಬೆಳೆದ ನಾನು ನೀರಿನ ಸರದಿ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೇಳಿದ್ದೆ. ಕೊಪ್ಪಳದ ಕೆಲಸ ಕಣ್ಣೆದುರೇ ಕಾಲುವೆಯಲ್ಲಿ ತೇಲಿಹೋಯಿತು ಎನಿಸಿತು.

ಆಪಾ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಒಂದು ಲವಂಗ ಬಾಯಿಗೆ ಹಾಕಿಕೊಂಡರು. ಸರದಿಯ ವಿಷಯ ಆಕೆಗೆ ಮೊದಲೇ ಗೊತ್ತಿತ್ತೋ ಏನೋ… ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. "ಶಿಬಿರ ನಿಂದು, ಬೇಟಾ" ಎಂದರು, ಅಷ್ಟೇ.

ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಒಂದು ಉಪಾಯವೂ ಬಂತು. ಜನ ಸಾಲೆಗೆ ಬರದಿದ್ದರೆ ಸಾಲೆಯೇ ಗದ್ದೆಗೆ ಹೋಗಲಿ ಎಂದು ಪಟ, ಟಾರ್ಚು, ಸೌಟು ಎಲ್ಲ ಎತ್ತಿಕೊಂಡು ಬದುವಿನ ಮೇಲೆ ಓಡಿದೆ. ಸಸಿ ತಂದಿದ್ದ ಒಂದು ಟ್ರ್ಯಾಕ್ಟರ್ ದಂಡೆಯಲ್ಲಿ ನಿಂತಿತ್ತು. ಅದರ ಟ್ರೇಲರ್‌ಗೆ ಪಟ ಕಟ್ಟಲು ಹೋದಾಗ ಗಾಳಿಗೆ ಜಾರಿ, ನಮ್ಮ ಹಳೆಯ ಪಟ ನೇರ ಕೆಸರಿಗೆ ಬಿತ್ತು. ಅದೃಷ್ಟಕ್ಕೆ ಆಸ್ಪತ್ರೆಯವರು ಕಳಿಸಿದ್ದ ಹೊಸದೊಂದು ಚೀಲದಲ್ಲಿತ್ತು. ಅದನ್ನೇ ಕಟ್ಟಿದೆ.

ಓದು ಬಾರದವರಿಗೂ ಆಗುವ ಪಟ ಅದು. ಮೂರು ಬೆರಳು ಚಾಚಿದಂಥ ಒಂದೇ ಗುರುತು, ಮೇಲಿನ ಸಾಲಿನಲ್ಲಿ ದೊಡ್ಡದು, ಕೆಳಗೆ ಹೋದಂತೆ ಚಿಕ್ಕದು. ಬೆರಳು ಯಾವ ಕಡೆ ತಿರುಗಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಮೊಣಕಾಲುದ್ದ ಕೆಸರಿನಲ್ಲಿ ನಿಂತ ಹೆಂಗಸರು ಒಂದು ಕೈಯಲ್ಲಿ ಗಿಳಿಯ ಸೌಟು, ಇನ್ನೊಂದು ಕೈಯಲ್ಲಿ ಸಸಿಯ ಕಟ್ಟು ಹಿಡಿದು, ಆ ಸಸಿಯಿಂದಲೇ ಮ್ಯಾಲ, ತೆಳಗ, ಎಡಕ್ಕ, ಬಲಕ್ಕ ಎಂದು ತೋರಿಸತೊಡಗಿದರು. ಒಬ್ಬಾಕೆ ತಪ್ಪಿದರೆ ಸಾಲಿಗೆ ಸಾಲೇ ನಗುವುದು. ಬದುವಿನ ಮೇಲೆ ಬುತ್ತಿ ಕಾಯುತ್ತ ಕುಳಿತಿದ್ದ ಮುದುಕ ಮುದುಕಿಯರೂ ನಮಗೂ ತೋರಿಸ್ರಿ ಎಂದು ಎದ್ದು ಬಂದರು. ಏನು ಬಿಟ್ಟೀರಿ, ಯಾವಾಗ ಹೋಗೂಣು ಎಂದು ಕೇಳಿ ಕೇಳಿ ನನ್ನ ಗಂಟಲು ಕಟ್ಟಿತು. ಅಂಥ ಖುಷಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಒಬ್ಬಳೇ ಒಬ್ಬಳು ಬಗ್ಗಲಿಲ್ಲ. ನಾಟಿಯವರ ಹಿರಿಯಳು, ತೆಲುಗಿನ ಅಜ್ಜಿ. ಕಣ್ಣಲ್ಲಿ ಪೊರೆ ಬೆಳ್ಳಗೆ ಕಾಣುತ್ತಿತ್ತು. ಅಷ್ಟರಲ್ಲಿ ಗದ್ದಲ ಕೇಳಿ ಆಪಾ ಕೂಡ ಬದುವಿನ ಮೇಲೆ ನಿಧಾನ ನಡೆದುಕೊಂಡು ಬಂದರು. ಅಜ್ಜಿ ಅವರತ್ತ ಬೆರಳು ಮಾಡಿದಳು. "ಏಮಮ್ಮಾ, ನಮಗ ಹೇಳ್ತೀರಿ, ಮೊದಲು ನಿಮ್ಮ ಆಪಾನ ಕಣ್ಣು ನೋಡ್ರಿ. ಆಕಿ ವ್ಯಾನ್ ಹತ್ತಿದರ ನಾನೂ ಹತ್ತತೀನಿ."

ಎಲ್ಲರೂ ನಕ್ಕರು. ಆಪಾನೂ ನಕ್ಕು, ಕಂದು ಕನ್ನಡಕ ತೆಗೆದು, ಸೌಟಿನಿಂದ ಒಂದು ಕಣ್ಣು ಮುಚ್ಚಿ, ಪಟದ ಕಡೆ ಮುಖ ಮಾಡಿ ಹೇಳಿಯೇಬಿಟ್ಟರು. ಬಲಕ್ಕ, ಮ್ಯಾಲ, ಎಡಕ್ಕ, ತೆಳಗ, ಬಲಕ್ಕ… ಎಲ್ಲೂ ತಡವರಿಸದೆ, ಕೊನೆಯ ಸಾಲಿನವರೆಗೆ. ಗದ್ದೆಯ ಹೆಂಗಸರು ಮೊದಲು ಕಿಸಕ್ಕನೆ ನಕ್ಕರು. "ಅದು ತೆಳಗ ಅಲ್ರೀ ಆಪಾ, ಮ್ಯಾಲ ಐತಿ." ಆಮೇಲೆ ನಗು ನಿಂತಿತು. ಒಂದೂ ಸರಿ ಇರಲಿಲ್ಲ. ಆಪಾ ಹೇಳಿದ್ದು ಕೆಸರಿಗೆ ಬಿದ್ದ ಹಳೆಯ ಪಟವನ್ನು. ಅಷ್ಟು ವರ್ಷ ಅದನ್ನು ಊರೂರಿಗೆ ಹೊತ್ತು ಹೊತ್ತು ಅವರಿಗೆ ಅದು ಬಾಯಿಪಾಠವಾಗಿತ್ತು. ಪಟ ಬದಲಾದದ್ದು ಅವರಿಗೆ ಕಂಡೇ ಇರಲಿಲ್ಲ.

ಆಗ ಹೊಳೆಯಿತು. ಸೂಜಿಗೆ ದಾರ, ಬಸ್ಸಿನ ಬೋರ್ಡು, ಅಕ್ಕಿಯ ಕಲ್ಲು… ಅದು ನಮಗೆ ಕೊಟ್ಟ ತರಬೇತಿಯಲ್ಲ, ಅವರು ಒಂದೊಂದಾಗಿ ಬಿಟ್ಟ ಕೆಲಸ. ಹತ್ತಿರ ಹೋಗಿ ಕೈ ಹಿಡಿದೆ. ಕಣ್ಣಿನ ಮಾತು ಎತ್ತಲಿಲ್ಲ. "ಆಪಾ, ಏನು ಬಿಟ್ಟೀರಿ?" ಎಂದೆ.

ಆಪಾ ಕಂದು ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು. ಆಮೇಲೆ ನನಗಷ್ಟೇ ಕೇಳುವಂತೆ ಹೇಳಿದರು. "ಮುಂಜಾನಿ ಕುರಾನ್ ಓದೂದು ಬಿಟ್ಟೀನಿ ಬೇಟಾ. ಮುಂದ ತೆರದು ಇಟ್ಕೋತೀನಿ, ಬಾಯಿಗೆ ಬಂದಷ್ಟು ಹೇಳ್ತೀನಿ, ಹಾಳಿ ತಿರುವ್ತೀನಿ. ಮನ್ಯಾಗ ಯಾರಿಗೂ ಗೊತ್ತಿಲ್ಲ. ಎಷ್ಟ ಮಂದೀನ ಕಳಿಸೀನಿ ಆ ಆಪರೇಷನ್ ಟೇಬಲ್ ಮ್ಯಾಲೆ… ನನಗ ಅಂಜಿಕಿ ಬರ್ತೈತಿ."

ಪ್ರೀತಿ ಉಕ್ಕಿ ಬಂತು. ಅಷ್ಟು ಜನರಿಗೆ ಧೈರ್ಯ ಹಂಚಿದವರು ತಮಗಾಗಿ ಒಂದು ಚೂರನ್ನೂ ಉಳಿಸಿಕೊಂಡಿರಲಿಲ್ಲ. "ಯಾವಾಗ ಹೋಗೂಣು?" ಎಂದೆ.

ಆಪಾ ನನ್ನನ್ನು ದಿಟ್ಟಿಸಿ ನೋಡಿ, "ಹರಾಮಖೋರಿ, ನನ್ನ ಮಾತು ನನಗ ಕೇಳ್ತಿ" ಎಂದು ಬೆನ್ನಿಗೊಂದು ಗುದ್ದಿದರು. ಆ ಮಧ್ಯಾಹ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಆಪಾ ಮತ್ತು ತೆಲುಗಿನ ಅಜ್ಜಿ ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದು ಕುಳಿತರು. ಹಿಂದೆ ಜಾಗ ಸಾಲದೆ ನಾನು ಕೊಪ್ಪಳದವರೆಗೆ ನಿಂತೇ ಹೋದೆ, ಮೈಯೆಲ್ಲ ಕೆಸರು. ಆಸ್ಪತ್ರೆಯಲ್ಲಿ ಅದೇ ಹಿರಿಯ ಡಾಕ್ಟರು ನನ್ನ ಗುರುತು ಹಿಡಿದರು. "ಏನಮ್ಮಾ, ಅನುಭವ ಆತೇನು?"

ನಾನು ಬಾಯಿ ತೆರೆಯುವ ಮೊದಲೇ ರೋಗಿಗಳ ಬೆಂಚಿನಿಂದ ಆಪಾ ಹೇಳಿದರು. "ಡಾಕ್ಟರ್ ಸಾಹೇಬ್ರ, ನೀವು ನನಗ ಕಣ್ಣು ತೋರಸ್ರಿ ಅಂತ ಎಷ್ಟ ಸಲ ಹೇಳೀರಿ? ನಿಮ್ಮ ಕೈಲೆ ಆಗಲಿಲ್ಲ. ಇಕಿ ಕರಕೊಂಡ ಬಂದಾಳ."

ಅದೇ ಆ ಒಂದು ಮಾತು. ಮುಂದಿನ ತಿಂಗಳು ನಾನು ಕೆಲಸಕ್ಕೆ ಸೇರಿದೆ. ಆಪಾ ಎರಡೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಒಂದು ದಿನ ನನ್ನ ಟೇಬಲಿನ ಮುಂದೆ ಬಂದು ನಿಂತು, ಚೀಲದಿಂದ ಸೂಜಿ ತೆಗೆದು ನನ್ನೆದುರೇ ದಾರ ಪೋಣಿಸಿ ತೋರಿಸಿದರು. ಸೌಟನ್ನು ನನ್ನ ಕೈಗಿಟ್ಟು ಹೋದರು. ಆಮೇಲೂ ಎಷ್ಟೋ ಹುಡುಗ ಹುಡುಗಿಯರು ಆ ಗಲ್ಲಿಯಿಂದ ಕೆಲಸ ಹಿಡಿದು ಹೊರಬಿದ್ದರು. ಕಳೆದ ವರ್ಷ ರಂಜಾನ್ ಮುಗಿದ ಮೇಲೆ ಆಪಾ ತೀರಿಹೋದರು. ಕೊನೆಯ ವಾರದವರೆಗೂ ಬೆಳಿಗ್ಗೆ ತಾವೇ ಕುರಾನ್ ಓದುತ್ತಿದ್ದರಂತೆ…

ಹೊಸ ಸ್ವಯಂಸೇವಕರು ಬಂದರು. ಆಪಾ ಕಲಿಸಿದ್ದನ್ನೇ ಅವರಿಗೆ ಕಲಿಸಿದೆ. ಅವರಲ್ಲಿ ಯಲಬುರ್ಗಾದ ಒಬ್ಬ ಹುಡುಗಿ, ಕುಳಿತಲ್ಲಿ ಕೂಡಲಾರದವಳು. ನಾನು ಮೊದಲು ಮಾಡ್ತೀನ್ರಿ ಮೇಡಂ ಎಂದು ಗಿಳಿಯ ಸೌಟನ್ನು ನನ್ನ ಕಣ್ಣಿಗೇ ಹಿಡಿದಳು. ನಾನು ಸರಸರ ಹೇಳುತ್ತ ಹೋದೆ, ಮೂರನೆಯ ಸಾಲಿಗೆ ನನಗೇ ನಗು ಬಂತು. ನಾನೂ ಪಟ ನೋಡುತ್ತಿರಲಿಲ್ಲ. "ಇದು ನನಗ ಬಾಯಿಪಾಠ ಐತವಾ, ಬ್ಯಾರೆ ಪಟ ಹಾಕು" ಎಂದೆ. ಬೇರೆ ಪಟ ಹಾಕಿದಳು. ಕಣ್ಣಿಗೆ ಏನೂ ಆಗಿರಲಿಲ್ಲ, ಆದರೂ ಎಲ್ಲ ಸಾಲೂ ಮಂಜಾಗಿ ಕಂಡಿತು.

ಹುಡುಗಿ ಸೌಟು ಕೆಳಗಿಳಿಸಿ ನನ್ನ ಮುಖ ನೋಡಿದಳು. ಮೆಲ್ಲಗೆ ಕೇಳಿದಳು, "ಏನು ಬಿಟ್ಟೀರಿ, ಮೇಡಂ?"

ಸುಳ್ಳು ಹೇಳಲಾಗಲಿಲ್ಲ. "ಗಂಗಾವತ್ಯಾಗ ಬಸ್‌ಸ್ಟ್ಯಾಂಡ್ ಹಿಂದ ಒಂದು ಗಲ್ಲಿ ಐತಿ. ಹೋದ ವರ್ಷದಿಂದ ಅಲ್ಲಿಗೆ ಹೋಗೂದು ಬಿಟ್ಟೀನಿ."

ಅಲ್ಲಿ ಯಾರಿದ್ದಾರೆ, ಯಾಕೆ ಬಿಟ್ಟಿರಿ ಎಂದು ಅವಳು ಕೇಳಲಿಲ್ಲ. ಸೌಟನ್ನು ಟೇಬಲ್ಲಿನ ಮೇಲಿಟ್ಟು, ಬೆಳಿಗ್ಗೆ ಕಲಿತದ್ದನ್ನು ಹಾಗೆಯೇ ಹೇಳಿದಳು.

"ಯಾವಾಗ ಹೋಗೂಣ್ರಿ?"